ಪಂಪ್ ಕೋವಿಯಲ್ಲಿ ಖಾಲಿ ತೋಟೆ ಸಿಕ್ಕಿಕೊಳ್ಳುತ್ತಿದೆಯೇ? ಮೊದಲು ತೋಟೆ ನೋಡಿ, ಆಮೇಲೆ ಕೋವಿ ಬಿಚ್ಚಿ

ಪಂಪ್ ಆಕ್ಷನ್ ಕೋವಿ, ಅಂದರೆ ನಳಿಗೆಯಡಿಯ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟೆ ಬದಲಿಸುವ ಕೋವಿ, ಇಟ್ಟುಕೊಂಡ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಈಡು ಸರಿಯಾಗಿ ಆಗುತ್ತದೆ, ಆದರೆ ಖಾಲಿ ತೋಟೆ ಹೊರಗೆ ಬರುವುದಿಲ್ಲ. ಕೆಲವರಿಗೆ ಪಂಪ್ ಹಿಂದಕ್ಕೇ ಬರುವುದಿಲ್ಲ. ಇನ್ನು ಕೆಲವರಿಗೆ ಪಂಪ್ ಬರುತ್ತದೆ, ತೋಟೆ ಒಳಗೇ ಅಡ್ಡ ಬೀಳುತ್ತದೆ. ಇಬ್ಬರ ಮುಂದಿನ ಪ್ರಶ್ನೆಯೂ ಒಂದೇ: "ಎಕ್ಸ್‌ಟ್ರಾಕ್ಟರ್ ಬದಲಿಸಿದರೆ ಸರಿಹೋಗುತ್ತಾ?"

ಬಹಳ ಸಲ ಹೋಗುವುದಿಲ್ಲ. ಯಾಕೆಂದರೆ ಇವು ಎರಡು ಬೇರೆ ಬೇರೆ ತೊಂದರೆಗಳು. ಯಾವುದು ನಿಮ್ಮದು ಅಂತ ಗೊತ್ತಾಗುವ ಮೊದಲೇ ಭಾಗ ಬದಲಿಸಿದರೆ ದುಡ್ಡೂ ದಂಡ, ಕೋವಿಯೂ ಸರಿಹೋಗಲ್ಲ. ಸಿಕ್ಕಿಕೊಂಡ ಆ ಖಾಲಿ ತೋಟೆಯ ಮೇಲೇ ಮುಕ್ಕಾಲು ಪಾಲು ಉತ್ತರ ಇರುತ್ತದೆ. ಅದನ್ನು ಎಸೆಯಬೇಡಿ.

ಒಳಗೆ ಏನು ನಡೆಯುತ್ತದೆ

ಪಂಪ್ ಹಿಡಿಯನ್ನು ಹಿಂದಕ್ಕೆ ಎಳೆದಾಗ ಅದಕ್ಕೆ ಜೋಡಿಸಿದ ಉಕ್ಕಿನ ಪಟ್ಟಿಗಳು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತವೆ. ಈ ಪಟ್ಟಿಗಳಿಗೆ ಆಕ್ಷನ್ ಬಾರ್ ಅನ್ನುತ್ತಾರೆ. ಬೋಲ್ಟ್ ಅಂದರೆ ತೋಟೆಯ ಹಿಂದೆ ನಿಂತು ಅದನ್ನು ಮುಚ್ಚಿಹಿಡಿಯುವ ಉಕ್ಕಿನ ತುಂಡು. ಅದರ ಮುಂತುದಿಯಲ್ಲಿ ಸಣ್ಣ ಕೊಕ್ಕೆಯೊಂದಿದೆ, ಅದೇ ಎಕ್ಸ್‌ಟ್ರಾಕ್ಟರ್. ತೋಟೆಯ ಹಿಂಭಾಗದ ಲೋಹದ ಅಂಚನ್ನು ಅದು ಹಿಡಿದು ಚೇಂಬರಿನಿಂದ ಹೊರಗೆ ಎಳೆಯುತ್ತದೆ. ಚೇಂಬರ್ ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡು. ಈ ಎಳೆಯುವ ಕೆಲಸ ಎಕ್ಸ್‌ಟ್ರಾಕ್ಷನ್.

ಪಂಪ್ ಪೂರ್ತಿ ಹಿಂದಕ್ಕೆ ಬರುವ ಹೊತ್ತಿಗೆ ತೋಟೆಯ ಅಂಚಿನ ಇನ್ನೊಂದು ಬದಿ ಎಜೆಕ್ಟರ್ ಎಂಬ ಗಟ್ಟಿ ತುಂಡಿಗೆ ಬಡಿಯುತ್ತದೆ. ಒಂದು ಬದಿ ಕೊಕ್ಕೆಯ ಹಿಡಿತ, ಇನ್ನೊಂದು ಬದಿ ಈ ಪೆಟ್ಟು. ತೋಟೆ ತಿರುಗಿ ಪಕ್ಕದ ಕಿಂಡಿಯಿಂದ ಹೊರಗೆ ಹಾರುತ್ತದೆ. ಇದು ಎಜೆಕ್ಷನ್. ಇಲ್ಲಿ ಒಂದು ವಿಷಯ ನೆನಪಿಡಿ: ತೋಟೆ ಹಾರುವುದಕ್ಕೆ ಬೇಕಾದ ಬಲ ಬರುವುದು ನಿಮ್ಮ ಕೈಯಿಂದ. ನಿಧಾನ ಎಳೆದರೆ ಪೆಟ್ಟೂ ನಿಧಾನ.

ಮಾದರಿಗಳಲ್ಲಿ ವ್ಯತ್ಯಾಸ ಇದೆ. 1950ರಲ್ಲಿ ಬಂದ ರೆಮಿಂಗ್ಟನ್ 870ಕ್ಕೆ ಒಂದು ಎಕ್ಸ್‌ಟ್ರಾಕ್ಟರ್, ಎಜೆಕ್ಟರನ್ನು ರಿಸೀವರಿನ ಎಡ ಗೋಡೆಗೆ ರಿವೆಟ್ ಹೊಡೆದು ಕೂರಿಸಿರುತ್ತಾರೆ. ರಿಸೀವರ್ ಅಂದರೆ ಬೋಲ್ಟ್ ಓಡಾಡುವ ಲೋಹದ ಪೆಟ್ಟಿಗೆ. 1961ರ ಮಾಸ್‌ಬರ್ಗ್ 500ಕ್ಕೆ ಎರಡು ಎಕ್ಸ್‌ಟ್ರಾಕ್ಟರ್, ಎಜೆಕ್ಟರ್ ಒಂದೇ ಸ್ಕ್ರೂನಲ್ಲಿ ನಿಂತಿರುತ್ತದೆ, ರಿಸೀವರ್ ಅಲ್ಯೂಮಿನಿಯಮ್ಮಿನದು. ಇಥಾಕಾ 37 ತೋಟೆಯನ್ನು ಪಕ್ಕಕ್ಕಲ್ಲ, ಕೆಳಕ್ಕೆ ಬೀಳಿಸುತ್ತದೆ. ನಿಮ್ಮದು ಯಾವುದೇ ಇರಲಿ, ಕೈಪಿಡಿ ಪಕ್ಕದಲ್ಲಿಟ್ಟುಕೊಂಡೇ ಕೆಲಸ ಶುರುಮಾಡಿ.

ಬೇಕಾಗುವ ಸಾಮಾನು

ಕಣ್ಣಿಗೆ ರಕ್ಷಣೆಯ ಕನ್ನಡಕ, ಒಳ್ಳೆಯ ಟಾರ್ಚ್, ಭೂತಗಾಜು, ಶುಚಿ ಮಾಡುವ ಕೋಲು, ಕಂಚಿನ ಬ್ರಷ್, ಕೋವಿ ಸಾಲ್ವೆಂಟ್, ಹತ್ತಿ ಬಟ್ಟೆಯ ತುಂಡುಗಳು, ಹಳೆಯ ಹಲ್ಲುಜ್ಜುವ ಬ್ರಷ್, ಟೂತ್‌ಪಿಕ್, ಒಂದು ಪುಟ್ಟ ಅಯಸ್ಕಾಂತ. ಜೊತೆಗೆ ಮದ್ದಿಲ್ಲದ ಡಮ್ಮಿ ತೋಟೆ ನಾಲ್ಕೈದು.

1. ಮೊದಲು ಅಪಾಯ ತಪ್ಪಿಸಿ

ಕೋವಿಯ ಬಾಯಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಆಚೆ. ಇದು ಕೊನೆಯವರೆಗೂ ಬದಲಾಗುವುದಿಲ್ಲ. ಮೇಜಿನ ಮೇಲೆ ಕೆಲಸ ಮಾಡುವಾಗ ಜೀವಂತ ತೋಟೆ, ಅಂದರೆ ಇನ್ನೂ ಸಿಡಿಯದ ತೋಟೆ, ಆ ಕೋಣೆಯಲ್ಲೇ ಇರಬಾರದು. ಚೇಂಬರ್ ಖಾಲಿ ಇದೆಯೇ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ನಳಿಗೆಯಡಿ ತೋಟೆಗಳನ್ನು ತುಂಬಿಡುವ ಮ್ಯಾಗಜಿನ್ ಕೊಳವೆಗೂ ಬೆರಳು ಹಾಕಿ. ಕೊನೆಯ ತೋಟೆಯೊಂದು ಕೊಳವೆಯಲ್ಲಿ ಉಳಿದಿರುವುದು ಬಹಳ ಸಾಮಾನ್ಯ.

ಈಡು ಹೊಡೆಯುವಾಗಲೇ ತೊಂದರೆಯಾದರೆ ಈ ಮೂರನ್ನು ಬೇರೆ ಬೇರೆಯಾಗಿ ನೋಡಬೇಕು.

ಟಕ್ ಅಂತ ಸದ್ದಾಗಿ ಈಡು ಆಗದಿದ್ದರೆ ಪಂಪ್ ಎಳೆಯಬೇಡಿ. ಬಾಯಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್, ಸಾಧ್ಯವಾದರೆ ಪೂರ್ತಿ ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹೊತ್ತಿಕೊಳ್ಳುವುದು ಅಪರೂಪ, ಆದರೆ ಅಸಾಧ್ಯವಲ್ಲ.

ಎಂದಿಗಿಂತ ಮಂಕಾಗಿ 'ಪುಸ್' ಅಂತ ಸದ್ದಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಚರೆಯ ಹಿಂದಿರುವ ಪ್ಲಾಸ್ಟಿಕ್ ಬಟ್ಟಲು, ಅಂದರೆ ವ್ಯಾಡ್, ನಳಿಗೆಯೊಳಗೇ ಕೂತಿರಬಹುದು. ಕೋವಿ ಖಾಲಿ ಮಾಡಿ, ನಳಿಗೆ ಬಿಚ್ಚಿ, ಬೆಳಕಿಗೆ ಹಿಡಿದು ಆಚೆ ಕಡೆ ಕಂಡ ಮೇಲೆಯೇ ಮುಂದಿನ ಮಾತು.

ಹೊರಗೆ ಬಂದ ತೋಟೆಯಲ್ಲಿ ಬರೀ ಲೋಹದ ತಳ ಇದ್ದು ಪ್ಲಾಸ್ಟಿಕ್ ಮೈ ಕಾಣದಿದ್ದರೂ ಅಷ್ಟೇ. ಆ ಮೈ ಒಳಗೇ ಉಳಿದಿದೆ. ಮುಂದಿನ ತೋಟೆ ಹಾಕಿ ಹೊಡೆದರೆ ನಳಿಗೆ ಸೀಳಬಹುದು.

2. ಸಿಕ್ಕಿಕೊಂಡದ್ದನ್ನು ಬಿಡಿಸುವುದು

ಪಂಪ್ ಅಲುಗದಿದ್ದರೆ ಮೊದಲು ಆಕ್ಷನ್ ರಿಲೀಸ್ ಒತ್ತಿ. ಟ್ರಿಗರ್ ಗಾರ್ಡಿನ ಹತ್ತಿರ ಇರುವ ಸಣ್ಣ ಗುಂಡಿ ಅದು. ಈಡಿಗೆ ಪೆಟ್ಟು ಕೊಡುವ ಒಳಗಿನ ಹ್ಯಾಮರ್ ಎದ್ದು ನಿಂತಿರುವಾಗ ಪಂಪ್ ಬೀಗ ಹಾಕಿಕೊಂಡಿರುತ್ತದೆ, ಅದು ತೊಂದರೆಯಲ್ಲ, ಕೋವಿ ಇರಬೇಕಾದ್ದೇ ಹಾಗೆ. ಇನ್ನು ಕೆಲವು ಕೋವಿಗಳಲ್ಲಿ ಟ್ರಿಗರ್ ಒತ್ತುವಾಗ ಪಂಪನ್ನು ಬಲವಾಗಿ ಹಿಂದಕ್ಕೆ ಎಳೆದು ಹಿಡಿದಿದ್ದರೆ ಬೀಗ ಬಿಚ್ಚುವುದೇ ಇಲ್ಲ. ಒಂದಿಷ್ಟು ಮುಂದಕ್ಕೆ ತಳ್ಳಿ ಆಮೇಲೆ ಎಳೆಯಿರಿ. ಹೊಸದಾಗಿ ಪಂಪ್ ಕೋವಿ ಹಿಡಿದವರ ಎಷ್ಟೋ ದೂರು ಇಲ್ಲಿಗೇ ಮುಗಿಯುತ್ತದೆ.

ಅದಕ್ಕೂ ಬರದಿದ್ದರೆ ಮ್ಯಾಗಜಿನ್ನಿನಲ್ಲಿರುವ ತೋಟೆಗಳನ್ನು ಕೆಳಗಿನ ಬಾಯಿಯಿಂದ ಒಂದೊಂದಾಗಿ ತೆಗೆಯಿರಿ. ಕೊಳವೆಯ ಬಾಯಲ್ಲಿ ತೋಟೆಯನ್ನು ತಡೆದು ನಿಲ್ಲಿಸುವ ಪಟ್ಟಿ ಇದೆ, ಶೆಲ್ ಸ್ಟಾಪ್ ಅಂತ. ಅದನ್ನು ಬೆರಳಿನಿಂದ ಒತ್ತಿದರೆ ಒಂದು ತೋಟೆ ಜಾರಿ ಬರುತ್ತದೆ.

ಈಗ ಚೇಂಬರಿನಲ್ಲಿ ಇರುವುದು ಖಾಲಿ ತೋಟೆಯೋ, ಜೀವಂತವೋ? ಈಡು ಆದದ್ದು ಖಚಿತವಾಗಿ ಗೊತ್ತಿದ್ದರೆ ಖಾಲಿ. ಅನುಮಾನ ಇದ್ದರೆ ಜೀವಂತ ಅಂತಲೇ ಲೆಕ್ಕ. ಬೋಲ್ಟ್ ಮುಚ್ಚಿದ್ದು, ಒಳಗೆ ಜೀವಂತ ತೋಟೆ ಇರಬಹುದು ಅನ್ನಿಸಿದರೆ ಕೋವಿಗೆ ಬಲ ಹಾಕಬೇಡಿ, ಬಾಯಿಯಿಂದ ಕೋಲು ತೂರಿಸಬೇಡಿ. ಗನ್‌ಸ್ಮಿತ್ತನ್ನು, ಅಂದರೆ ಕೋವಿ ರಿಪೇರಿ ಮಾಡುವವರನ್ನು, ಕರೆಯಿರಿ. ಕೋವಿಯನ್ನು ವಾಹನದಲ್ಲಿ ಹಾಕಿಕೊಂಡು ಹೊರಡುವ ಮೊದಲು ಅವರ ಹತ್ತಿರ ಫೋನಿನಲ್ಲಿ ಮಾತಾಡಿ.

ಖಾಲಿ ಅಂತ ಖಚಿತವಾಗಿದ್ದರೆ, ಹೆಗಲಿಗೆ ಊರುವ ಬಟ್ಟಿನ ರಬ್ಬರ್ ಪ್ಯಾಡನ್ನು ಮೆತ್ತನೆಯ ನೆಲಕ್ಕೆ ಊರಿ, ಬಾಯಿ ಮುಖದಿಂದ ಮತ್ತು ಮೈಯಿಂದ ಆಚೆ ಇಟ್ಟು, ಪಂಪನ್ನು ಒಮ್ಮೆ ಗಟ್ಟಿಯಾಗಿ ಕೆಳಕ್ಕೆ ಎಳೆಯಿರಿ. ಎರಡು ಮೂರು ಸಲಕ್ಕೆ ಬರದಿದ್ದರೆ ಬಿಟ್ಟುಬಿಡಿ. ಕೋವಿಯನ್ನು ನೆಲಕ್ಕೆ ಕುಟ್ಟುವುದನ್ನು ನಾನು ಹೇಳಿಕೊಡುವುದಿಲ್ಲ. ಮರದ ಬಟ್ ಕತ್ತಿನ ಹತ್ತಿರ ಸೀಳಿದರೆ ರಿಪೇರಿ ದೊಡ್ಡದಾಗುತ್ತದೆ.

ಬೋಲ್ಟ್ ತೆರೆದಿದೆ, ಆದರೆ ತೋಟೆ ಚೇಂಬರಿನಲ್ಲೇ ಉಳಿದಿದೆ ಅನ್ನಿ. ಆಗ ಅದರ ತಳ ನಿಮಗೆ ಕಾಣುತ್ತದೆ. ತಳದ ನಡುವೆ ತಗ್ಗು ಬಿದ್ದಿದೆ ಎಂದ ಮಾತ್ರಕ್ಕೆ ಅದು ಖಾಲಿ ಅಂತ ನಂಬಬೇಡಿ. ಸಿಡಿಯದ ತೋಟೆಗೂ ತಗ್ಗು ಬಿದ್ದಿರುತ್ತದೆ. ಮರದ ಕೋಲೊಂದನ್ನು ನಳಿಗೆಯ ಬಾಯಿಯಿಂದ ಮೆಲ್ಲಗೆ ಇಳಿಸಿ, ನಿಮ್ಮ ಮೈ ಪಕ್ಕಕ್ಕಿರಲಿ, ಅಂಗೈ ಬಾಯಿಗೆ ಅಡ್ಡ ಬರದಿರಲಿ. ಕೋಲು ನಿಂತ ಜಾಗಕ್ಕೆ ಗುರುತು ಹಾಕಿ, ತೆಗೆದು ನಳಿಗೆಯ ಹೊರಗೆ ಪಕ್ಕಕ್ಕೆ ಹಿಡಿದು ನೋಡಿ. ತೋಟೆ ಖಾಲಿ ಇದ್ದರೆ ಕೋಲು ಹೆಚ್ಚುಕಡಿಮೆ ತಳದವರೆಗೆ ಹೋಗಿರುತ್ತದೆ. ಜೀವಂತ ಇದ್ದರೆ ಅದರ ಬಾಯಿಯ ಹತ್ತಿರವೇ ನಿಂತಿರುತ್ತದೆ. ವ್ಯತ್ಯಾಸ ಕೆಲವು ಸೆಂಟಿಮೀಟರ್, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಖಾಲಿ ಅಂತಾದರೆ ಅದೇ ಕೋಲಿನಿಂದ ಹಿಂದಕ್ಕೆ ತಳ್ಳಿ. ಜೀವಂತ ಅಂತಾದರೆ ಮತ್ತೆ ಗನ್‌ಸ್ಮಿತ್.

3. ಖಾಲಿ ತೋಟೆ ಓದುವುದು

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ತೊಂದರೆಯಾದ ಕೂಡಲೇ ಸುಮ್ನೆ ಪಂಪ್ ಹಿಂದೆ ಮುಂದೆ ಆಡಿಸಿ ಸರಿಮಾಡಿಕೊಳ್ಳುವ ಅಭ್ಯಾಸ ಎಲ್ಲರಿಗೂ ಇದೆ. ಅದರಿಂದ ಸುಳಿವು ಅಳಿಸಿಹೋಗುತ್ತದೆ. ಬೆರಳು ಆಚೆ ತೆಗೆದು ಹಾಗೇ ನಿಲ್ಲಿಸಿ, ಕಿಂಡಿಯೊಳಗೆ ನೋಡಿ. ತೋಟೆ ಎಲ್ಲಿದೆ?

ಬೋಲ್ಟ್ ಹಿಂದೆ, ತೋಟೆ ಚೇಂಬರಿನಲ್ಲಿ: ಇದು ಎಕ್ಸ್‌ಟ್ರಾಕ್ಷನ್ ತೊಂದರೆ. ಕೊಕ್ಕೆ ಹಿಡಿಯಲಿಲ್ಲ, ಅಥವಾ ಹಿಡಿದರೂ ತೋಟೆ ಬಿಡಲಿಲ್ಲ.

ಬೀಗ ಬಿಚ್ಚಿದೆ, ಆದರೂ ಪಂಪ್ ಒಂದಿಷ್ಟು ಬಂದು ನಿಂತಿದೆ: ತೋಟೆ ಚೇಂಬರಿಗೆ ಅಂಟಿಕೊಂಡಿದೆ. ಕೊಕ್ಕೆ ಗಟ್ಟಿಯಾಗಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಇಂಥ ಕೋವಿಗೆ ಹೊಸ ಎಕ್ಸ್‌ಟ್ರಾಕ್ಟರ್ ಹಾಕಿ ಏನೂ ಉಪಯೋಗವಿಲ್ಲ, ಅಲ್ವಾ?

ತೋಟೆ ಚೇಂಬರಿನಿಂದ ಪೂರ್ತಿ ಹೊರಬಂದು ರಿಸೀವರಿನೊಳಗೆ ಬಿದ್ದಿದೆ, ಅಥವಾ ಕಿಂಡಿಯಲ್ಲಿ ಸಿಕ್ಕಿಕೊಂಡಿದೆ: ಎಜೆಕ್ಷನ್ ತೊಂದರೆ. ಅಥವಾ ಪಂಪ್ ಪೂರ್ತಿ ಎಳೆದಿಲ್ಲ.

ಈಗ ತೋಟೆಯ ಅಂಚನ್ನು ಭೂತಗಾಜಿನಲ್ಲಿ ನೋಡಿ. ಕೊಕ್ಕೆ ಕೂತ ಜಾಗದಲ್ಲಿ ಅಂಚು ಬಾಗಿದ್ದರೆ, ಹರಿದಿದ್ದರೆ, ಕೊಕ್ಕೆ ತನ್ನ ಕೆಲಸ ಮಾಡಿದೆ. ತಪ್ಪು ಚೇಂಬರಿನದು ಅಥವಾ ತೋಟೆಯದು. ಅಂಚು ಹೊಸದರಂತೆ ಇದ್ದು ಒಂದು ಗೀರೂ ಇಲ್ಲದಿದ್ದರೆ ಕೊಕ್ಕೆ ಹಿಡಿದೇ ಇಲ್ಲ. ಅಂಚಿನ ಮೇಲೆ ಸಣ್ಣ ಹೊಳೆಯುವ ಗೀರು ಮಾತ್ರ ಇದ್ದರೆ ಹಿಡಿದು ಜಾರಿದೆ. ಹರಿದ ಅಂಚಿಗೆ 4 ಮತ್ತು 6ನೇ ಹಂತ, ಹೊಸದರಂಥ ಅಂಚಿಗೆ ಮತ್ತು ಜಾರಿದ ಗೀರಿಗೆ 7ನೇ ಹಂತ.

ತಳದ ಲೋಹದ ಮೈಮೇಲೂ ಕಣ್ಣಾಡಿಸಿ. ಉದ್ದುದ್ದ ಗೀರು ಬಿದ್ದಿದ್ದರೆ ಚೇಂಬರಿನಲ್ಲಿ ತುಕ್ಕೋ ಮುಳ್ಳೋ ಇದೆ. ಸುತ್ತಲೂ ಸಣ್ಣ ಬಳೆಗಳಂಥ ಗುರುತು ಅಚ್ಚಾಗಿದ್ದರೆ ಚೇಂಬರ್ ಕೊರೆದ ಉಪಕರಣದ ಗುರುತು ಇನ್ನೂ ನುಣುಪಾಗಿಲ್ಲ ಅಂತ ಅರ್ಥ. ಪ್ರತಿ ತೋಟೆಯ ಮೇಲೂ ಪೆನ್ನಿನಿಂದ ಬರೆದಿಡಿ: ಯಾವ ಕಂಪನಿ, ಎಷ್ಟು ಉದ್ದ, ಎಷ್ಟನೇ ಈಡಿಗೆ ನಿಂತಿತು.

4. ತೋಟೆ ಬದಲಿಸಿ ನೋಡಿ

ಕೋವಿಗೆ ಕೈ ಹಾಕುವ ಮೊದಲು ಬೇರೆ ಕಂಪನಿಯ, ಹಿತ್ತಾಳೆ ತಳದ ಒಳ್ಳೆಯ ತೋಟೆ ಹಾಕಿ ಹೊಡೆಯಿರಿ. ತೊಂದರೆ ಮಾಯವಾದರೆ ಹುಡುಕಾಟ ಅರ್ಧಕ್ಕರ್ಧ ಮುಗಿದಂತೆ.

ಕಡಿಮೆ ಬೆಲೆಯ ಎಷ್ಟೋ ತೋಟೆಗಳ ತಳ ನೋಡಲು ಹಿತ್ತಾಳೆ, ಒಳಗೆ ಉಕ್ಕು. ಅಯಸ್ಕಾಂತ ಇಟ್ಟರೆ ಗೊತ್ತಾಗುತ್ತದೆ. ಈಡು ಆದಾಗ ತಳ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಹಿತ್ತಾಳೆ ಕೂಡಲೇ ಚೂರು ಕುಗ್ಗಿ ಗೋಡೆ ಬಿಡುತ್ತದೆ. ಈ ಮೆತ್ತನೆಯ ಉಕ್ಕು ಅಷ್ಟು ಕುಗ್ಗುವುದಿಲ್ಲ. ಚೇಂಬರ್ ನುಣುಪಾಗಿದ್ದರೆ ಅದೂ ನಡೆಯುತ್ತದೆ, ಒರಟಾಗಿದ್ದರೆ ಅಂಟಿಕೊಳ್ಳುತ್ತದೆ. ಒಂದು ಬಗೆಯ ತೋಟೆ ಮಾತ್ರ ಸಿಕ್ಕಿಕೊಳ್ಳುತ್ತದೆ ಅನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ.

ಉದ್ದ ನೋಡಿ. ನಳಿಗೆಯ ಮೇಲೆ ಚೇಂಬರಿನ ಉದ್ದ ಕೆತ್ತಿರುತ್ತಾರೆ: ಎರಡೂಮುಕ್ಕಾಲು ಇಂಚು ಅಂದರೆ 70 ಮಿ.ಮೀ., ಮೂರು ಇಂಚು ಅಂದರೆ 76 ಮಿ.ಮೀ. ತೋಟೆಯ ಪೆಟ್ಟಿಗೆಯ ಮೇಲಿನ ಅಳತೆ ಈಡು ಆದಮೇಲೆ ಬಾಯಿ ಬಿಚ್ಚಿಕೊಂಡ ತೋಟೆಯದು. ಹೊಸ ತೋಟೆ ಅದಕ್ಕಿಂತ ಗಿಡ್ಡ. ಆದ್ದರಿಂದಲೇ 76ರ ತೋಟೆ 70ರ ಚೇಂಬರಿಗೆ ಸಲೀಸಾಗಿ ಹೋಗಿಬಿಡುತ್ತದೆ. ಹೊಡೆದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲುವುದಿಲ್ಲ, ಒತ್ತಡ ಏರುತ್ತದೆ, ತೋಟೆ ಅಂಟಿಕೊಳ್ಳುತ್ತದೆ. ಹೋಗುತ್ತದೆ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ.

ಇನ್ನೊಂದು ಎಚ್ಚರಿಕೆ ಜೀವದ್ದು. ಬೋರ್ ಅಂದರೆ ನಳಿಗೆಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದು. 20 ಬೋರಿನ ತೋಟೆ 12 ಬೋರಿನ ಚೇಂಬರ್ ದಾಟಿ ನಳಿಗೆಯೊಳಗೆ ಜಾರಿ ಕೂರುತ್ತದೆ. ಹಿಂದೆ 12ರ ತೋಟೆ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟೆಗೆ ಹಳದಿ ಬಣ್ಣ ಇಟ್ಟಿರುವುದು ಇದೇ ಕಾರಣಕ್ಕೆ. ಎರಡೂ ಒಂದೇ ಚೀಲದಲ್ಲಿ ಇರಬಾರದು.

ಮರುತುಂಬಿದ ತೋಟೆ, ತೇವ ತಿಂದು ಉಬ್ಬಿದ ತೋಟೆ, ಹಸಿರುಗಟ್ಟಿದ ಹಿತ್ತಾಳೆ ಇವನ್ನೆಲ್ಲ ಪರೀಕ್ಷೆಗೆ ಬಳಸಬೇಡಿ.

5. ನಿಮ್ಮ ಕೈ ನೋಡಿ

ಎಜೆಕ್ಷನ್ ದೂರುಗಳಲ್ಲಿ ದೊಡ್ಡ ಪಾಲು ಪಂಪ್ ಅರ್ಧಕ್ಕೆ ಎಳೆದದ್ದು. ಹೆಗಲಿಗೆ ಕೋವಿ ಇಟ್ಟುಕೊಂಡು, ಕಣ್ಣು ಗುರಿಯ ಮೇಲಿರುವಾಗ ಕೈ ಪೂರ್ತಿ ಹಿಂದಕ್ಕೆ ಬರುವ ಮೊದಲೇ ಮುಂದಕ್ಕೆ ಹೊರಟುಬಿಡುತ್ತದೆ. ಬಟ್ ಉದ್ದವಾಗಿದ್ದರೆ, ತೋಳು ಗಿಡ್ಡವಿದ್ದರೆ ಇದು ಇನ್ನೂ ಜಾಸ್ತಿ. ಎಜೆಕ್ಟರ್ ತನಕ ತೋಟೆ ಮುಟ್ಟುವುದೇ ಇಲ್ಲ.

ಪರೀಕ್ಷೆ ಸುಲಭ. ಡಮ್ಮಿ ಹಾಕಿ, ಪಂಪನ್ನು ಹಿಂದಿನ ತಡೆಗೆ ಬಡಿಯುವಂತೆ ಒಮ್ಮೆ ಜೋರಾಗಿ ಎಳೆಯಿರಿ. ಆ ಬಡಿತ ಅಂಗೈಗೆ ತಿಳಿಯಬೇಕು. ಆಮೇಲೆ ಈಡು ಹೊಡೆಯುವಾಗಲೂ ಅದೇ ಬಡಿತ ಸಿಗುತ್ತಿದೆಯೇ ಗಮನಿಸಿ. ಪಕ್ಕದಲ್ಲಿ ನಿಂತವರು ಫೋನಿನಲ್ಲಿ ವಿಡಿಯೊ ತೆಗೆದರೆ ಇನ್ನೂ ಸ್ಪಷ್ಟ. ಪಂಪ್ ಕೋವಿಗೆ ಜೋರು ಕೈ ಬೇಕು. ನಾಜೂಕಾಗಿ ಎಳೆದರೆ ಅದು ಕೆಲಸ ಮಾಡುವುದಿಲ್ಲ.

6. ಚೇಂಬರ್ ಶುಚಿ

"ಶುಚಿ ಮಾಡಿದ್ದೇನೆ" ಅನ್ನುವವರಲ್ಲಿ ಬಹಳ ಜನ ಶುಚಿ ಮಾಡಿರುವುದು ನಳಿಗೆಯನ್ನು, ಚೇಂಬರನ್ನಲ್ಲ. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಚೇಂಬರಿನದು 20 ಮಿ.ಮೀ.ಗಿಂತ ಜಾಸ್ತಿ. ನಳಿಗೆಗೆ ಬಿಗಿಯಾಗಿ ಹೋಗುವ ಬ್ರಷ್ ಚೇಂಬರಿನ ಗೋಡೆಗೆ ಸರಿಯಾಗಿ ತಾಗುವುದೇ ಇಲ್ಲ. ಚೇಂಬರಿಗೆಂದೇ ಮಾಡಿದ ಬ್ರಷ್ ತನ್ನಿ, ಸಿಗದಿದ್ದರೆ 10 ಬೋರಿನ ಕಂಚಿನ ಬ್ರಷ್ ಆಗುತ್ತದೆ.

ನಳಿಗೆ ಬಿಚ್ಚಿ ಬೇರೆ ಇಡಿ. ಚೇಂಬರಿಗೆ ಸಾಲ್ವೆಂಟ್ ಸವರಿ ಹತ್ತು ಹದಿನೈದು ನಿಮಿಷ ಬಿಡಿ. ಬ್ರಷ್ಷನ್ನು ಬಲಕ್ಕೆ ತಿರುಗಿಸುತ್ತಾ ಒಳಗೆ ಹೊರಗೆ ಆಡಿಸಿ, ಎಡಕ್ಕೆ ತಿರುಗಿಸಿದರೆ ಕೋಲಿನಿಂದ ಕಳಚಿಕೊಳ್ಳುತ್ತದೆ. ಬಟ್ಟೆ ತೂರಿಸಿ ತೆಗೆಯಿರಿ. ಮೊದಲ ಬಟ್ಟೆಗೆ ಕಪ್ಪು ಮಸಿ ಬರುತ್ತದೆ. ಎರಡು ಮೂರು ಸುತ್ತು ಆದಮೇಲೆ ತೆಳ್ಳಗಿನ ಬೂದು ಚೂರುಗಳು, ಕೆಲವೊಮ್ಮೆ ಸುರುಳಿ ಸುತ್ತಿದ ಎಳೆಗಳು ಬರುತ್ತವೆ. ಅದು ತೋಟೆಯ ಮತ್ತು ವ್ಯಾಡಿನ ಪ್ಲಾಸ್ಟಿಕ್, ಬಿಸಿಗೆ ಕರಗಿ ಗೋಡೆಗೆ ಮೆತ್ತಿಕೊಂಡದ್ದು. ಚೇಂಬರ್ ಮುಗಿದು ನಳಿಗೆ ಕಿರಿದಾಗುವ ಇಳಿಜಾರಿನಲ್ಲಿ ಇದು ಹೆಚ್ಚು. ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಬೇಡಿ.

ಕೊನೆಯಲ್ಲಿ ಒಣಬಟ್ಟೆಯಿಂದ ಪೂರ್ತಿ ಒರೆಸಿ. ಜಾರಲಿ ಅಂತ ಚೇಂಬರಿಗೆ ಎಣ್ಣೆ ಹಾಕಿ ಹೊಡೆಯುವವರಿದ್ದಾರೆ, ಇದು ಕೆಟ್ಟ ಅಭ್ಯಾಸ. ಈಡು ಆದಾಗ ತೋಟೆ ಗೋಡೆ ಹಿಡಿದುಕೊಂಡು ತನ್ನ ಒತ್ತಡದ ಒಂದು ಪಾಲನ್ನು ಚೇಂಬರಿಗೆ ಹಂಚಬೇಕು. ಎಣ್ಣೆ ಇದ್ದರೆ ಅದೂ ಜಾರಿ ಪೂರ್ತಿ ಹೊಡೆತ ಬೋಲ್ಟಿನ ಮೇಲೆ ಬೀಳುತ್ತದೆ. ಎಣ್ಣೆಗೆ ಮಸಿಯೂ ಬೇಗ ಅಂಟುತ್ತದೆ. ಕೋವಿಯನ್ನು ತೆಗೆದಿಡುವಾಗ ತೆಳುವಾಗಿ ಸವರಿ, ಹೊಡೆಯುವ ಮೊದಲು ಒರೆಸಿ.

ಈಗ ಬಿಚ್ಚಿದ ನಳಿಗೆಗೆ ಡಮ್ಮಿ ತೋಟೆ ಇಳಿಬಿಡಿ. ತನ್ನ ಭಾರಕ್ಕೆ ತಾನೇ ಕೂರಬೇಕು. ನಳಿಗೆ ಬಗ್ಗಿಸಿದರೆ ತಾನೇ ಬೀಳಬೇಕು. ಅದೇ ಕೋವಿಯಲ್ಲಿ ಹೊಡೆದ ಖಾಲಿ ತೋಟೆಯನ್ನೂ ಹಾಕಿ ನೋಡಿ, ಅದು ಬೆರಳಿನಿಂದ ಎಳೆದರೆ ಸಲೀಸಾಗಿ ಬರಬೇಕು.

ಶುಚಿ ಮಾಡಿದ ಮೇಲೂ ಅಂಟುತ್ತಿದ್ದು, ತಳದ ಮೇಲೆ ಬಳೆ ಗುರುತು ಕಾಣುತ್ತಿದ್ದರೆ ಮಾತ್ರ ಪಾಲಿಶ್. ಹಳೆಯ ಬ್ರಷ್ಷಿಗೆ ನಾಲ್ಕು ಸೊನ್ನೆ ನಂಬರಿನ ಅತಿ ನುಣುಪಾದ ಉಕ್ಕಿನ ನಾರು ಸುತ್ತಿ, ಒಂದಿಷ್ಟು ಎಣ್ಣೆ ಹಾಕಿ, ಡ್ರಿಲ್ಲಿನ ನಿಧಾನ ವೇಗದಲ್ಲಿ ಅರ್ಧ ನಿಮಿಷ ಆಡಿಸಿ. ಒಂದೇ ಕಡೆ ನಿಲ್ಲಿಸಬೇಡಿ. ಒರೆಸಿ, ಟಾರ್ಚ್ ಹಾಕಿ ನೋಡಿ, ಬೇಕಿದ್ದರೆ ಇನ್ನೊಮ್ಮೆ. ನಾರಿನ ಚೂರು ಒಂದೂ ಉಳಿಯಬಾರದು. ಗುರಿ ಹೊಳಪು, ಲೋಹ ತೆಗೆಯುವುದಲ್ಲ. ಉಪ್ಪುಕಾಗದ, ವಾಲ್ವ್ ತಿಕ್ಕುವ ಪೇಸ್ಟ್, ಕಲ್ಲು ಇವು ಬೇಡವೇ ಬೇಡ. ಚೇಂಬರ್ ಅಗಲವಾದರೆ ಮತ್ತೆ ಕಿರಿದು ಮಾಡಲಾಗದು. ಒಳಗೆ ಕ್ರೋಮ್ ಲೇಪ ಇರುವ ನಳಿಗೆಗೆ ಪಾಲಿಶ್ ಮಾಡಬೇಡಿ. ತುಕ್ಕಿನ ಕುಳಿ ಬಿದ್ದಿದ್ದರೂ ಇದರಿಂದ ಹೋಗುವುದಿಲ್ಲ.

7. ಎಕ್ಸ್‌ಟ್ರಾಕ್ಟರ್

ಕೈಪಿಡಿ ನೋಡಿ ಬೋಲ್ಟ್ ಹೊರಗೆ ತೆಗೆಯಿರಿ. ಕೊಕ್ಕೆಯನ್ನು ಉಗುರಿನಿಂದ ಹೊರಕ್ಕೆ ಒತ್ತಿ ಬಿಡಿ. ಟಪ್ ಅಂತ ವಾಪಸ್ ಬರಬೇಕು. ಸೋಮಾರಿಯಾಗಿ ಬಂದರೆ ಅಡಿಯಲ್ಲಿ ಮಸಿ ತುಂಬಿದೆ ಅಥವಾ ಸ್ಪ್ರಿಂಗ್ ಸೋತಿದೆ. ಖಾಲಿ ತೋಟೆಯ ಅಂಚನ್ನು ಕೊಕ್ಕೆಯಡಿಗೆ ಜಾರಿಸಿ ಬೋಲ್ಟನ್ನು ಅಡ್ಡ ಹಿಡಿಯಿರಿ. ತೋಟೆ ನೇತಾಡಿಕೊಂಡು ನಿಲ್ಲಬೇಕು, ಮೆಲ್ಲಗೆ ಅಲ್ಲಾಡಿಸಿದರೂ ಬೀಳಬಾರದು.

ಬಿದ್ದರೆ ಮೊದಲ ಕೆಲಸ ಶುಚಿ. ಕೊಕ್ಕೆಯ ಅಡಿಗೆ ಸಾಲ್ವೆಂಟ್ ಬಿಟ್ಟು ಟೂತ್‌ಪಿಕ್‌ನಿಂದ ಕೆದಕಿ. ಮಸಿಯ ಜೊತೆ ಹಿತ್ತಾಳೆಯ ಸಣ್ಣ ಸಿಪ್ಪೆಗಳೂ ಬರುತ್ತವೆ. ಹೆಚ್ಚಿನವರು ಮರೆಯುವ ಇನ್ನೊಂದು ಜಾಗ ಇದೆ: ನಳಿಗೆಯ ಹಿಂತುದಿಯಲ್ಲಿ ಕೊಕ್ಕೆ ಕೂರಲು ಕೊರೆದ ಕಚ್ಚು. ಅದು ಗಟ್ಟಿ ಮಸಿಯಿಂದ ತುಂಬಿದ್ದರೆ ಕೊಕ್ಕೆ ಅಂಚಿನ ಮೇಲೆ ಪೂರ್ತಿ ಕೂರುವುದಿಲ್ಲ, ಎಷ್ಟೇ ಹೊಸ ಕೊಕ್ಕೆಯಾದರೂ.

ಆಮೇಲೆ ಭೂತಗಾಜಿನಲ್ಲಿ ಕೊಕ್ಕೆಯ ತುದಿ ನೋಡಿ. ಒಳಬದಿ ಚೂಪಾಗಿ, ಮೂಲೆ ತೀಡಿದಂತೆ ಇರಬೇಕು. ದುಂಡಗಾಗಿದ್ದರೆ, ಚೂರು ಹಾರಿದ್ದರೆ ಬದಲಿಸಲೇಬೇಕು. ಅರ ಹಾಕಿ ಚೂಪು ಮಾಡಲು ಹೋಗಬೇಡಿ, ಕೊಕ್ಕೆ ಗಿಡ್ಡವಾಗಿ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ತುದಿ ಚೆನ್ನಾಗಿದ್ದು ಹಿಡಿತ ಮಾತ್ರ ಸಡಿಲ ಅಂದರೆ ಸ್ಪ್ರಿಂಗ್ ಒಂದನ್ನೇ ಮೊದಲು ಬದಲಿಸಿ. ಕೊಕ್ಕೆ ತೆಗೆಯುವಾಗ ಸ್ಪ್ರಿಂಗ್ ಮತ್ತು ಅದರ ಮುಂದಿನ ಪುಟ್ಟ ಕಡ್ಡಿ ಹಾರಿಹೋಗುತ್ತವೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಕೆಲಸ ಮಾಡಿದರೆ ಕಣ್ಣೂ ಉಳಿಯುತ್ತದೆ, ಸ್ಪ್ರಿಂಗೂ ಸಿಗುತ್ತದೆ.

ಎರಡು ಕೊಕ್ಕೆ ಇರುವ ಕೋವಿಯಲ್ಲಿ ಒಂದು ಹೋದರೂ ತೋಟೆ ಹೇಗೋ ಬರುತ್ತಿರುತ್ತದೆ, ಆದರೆ ಹಾರುವ ದಿಕ್ಕು ಹಾಳಾಗುತ್ತದೆ. ಎರಡನ್ನೂ ಬೇರೆ ಬೇರೆ ಪರೀಕ್ಷಿಸಿ.

8. ಎಜೆಕ್ಟರ್

ಬೋಲ್ಟ್ ಹೊರಗಿರುವಾಗಲೇ ರಿಸೀವರಿನೊಳಗೆ ಟಾರ್ಚ್ ಹಾಕಿ ಎಡ ಗೋಡೆ ನೋಡಿ. ಎಜೆಕ್ಟರಿನ ತುದಿ ಮುರಿದಿದೆಯೇ? ಬಾಗಿದೆಯೇ? ಸವೆದು ಇಳಿಜಾರಾಗಿದೆಯೇ? ಮರದ ಕಡ್ಡಿಯಿಂದ ಒತ್ತಿ ನೋಡಿ. ಗೋಡೆಗೆ ಅಂಟಿದ ಬುಡ ಅಲ್ಲಾಡಬಾರದು.

ಸ್ಕ್ರೂನಲ್ಲಿ ನಿಂತ ಎಜೆಕ್ಟರಾದರೆ ಸ್ಕ್ರೂ ಸಡಿಲವಾಗಿರುವುದೇ ಮಾಮೂಲಿ ಕಾರಣ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ತುದಿ ಹಾಕಿ ಬಿಗಿ ಮಾಡಿ. ಅಲ್ಯೂಮಿನಿಯಮ್ ರಿಸೀವರಿನಲ್ಲಿ ಜಾಸ್ತಿ ಬಿಗಿದರೆ ಸ್ಕ್ರೂ ಕೂರುವ ತೂತಿನ ಸುರುಳಿ ಗೆರೆ ಕಿತ್ತುಬರುತ್ತದೆ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ಬೇಕಾದಾಗ ಬಿಚ್ಚಬಹುದಾದ ನೀಲಿ ಥ್ರೆಡ್‌ಲಾಕರ್, ಒಂದು ಹನಿ ಸಾಕು. ರಿವೆಟ್ ಹೊಡೆದ ಎಜೆಕ್ಟರ್ ಅಲ್ಲಾಡುತ್ತಿದ್ದರೆ ಅದು ಮೇಜಿನ ಮೇಲೆ ಮಾಡುವ ಕೆಲಸವಲ್ಲ. ರಿವೆಟ್ ತೆಗೆದು ಹೊಸದು ಕೂರಿಸಲು ಅದರದೇ ಉಪಕರಣ ಬೇಕು. ಗನ್‌ಸ್ಮಿತ್‌ಗೆ ಕೊಡಿ. ಭಾಗ ತರಿಸುವಾಗ ಚೇಂಬರಿನ ಉದ್ದ ಹೇಳುವುದನ್ನು ಮರೆಯಬೇಡಿ. ಒಂದೇ ಮಾದರಿಯಲ್ಲೂ 70 ಮತ್ತು 76ರ ಕೋವಿಗಳ ಎಜೆಕ್ಟರ್ ಬೇರೆ ಇರಬಹುದು.

ಡಮ್ಮಿ ತೋಟೆ ಚೆನ್ನಾಗಿ ಹಾರುತ್ತದೆ, ಹೊಡೆದ ತೋಟೆ ಮಾತ್ರ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ ಅನ್ನುವವರಿದ್ದೀರಿ. ಡಮ್ಮಿ ಗಿಡ್ಡ, ಹೊಡೆದ ತೋಟೆ ಉದ್ದ, ಜೊತೆಗೆ ಹಗುರ. ಆದ್ದರಿಂದ ಎಜೆಕ್ಷನ್ ಪರೀಕ್ಷೆಗೆ ಖಾಲಿ ತೋಟೆಯನ್ನೇ ಚೇಂಬರಿಗೆ ಹಾಕಿ ಎಳೆದು ನೋಡಬೇಕು.

9. ಉಳಿದ ಜಾಗಗಳು

ಮ್ಯಾಗಜಿನ್ ಮುಚ್ಚಳ ಸಡಿಲವಾದರೆ ನಳಿಗೆ ಮುಂದಕ್ಕೆ ಸರಿಯುತ್ತದೆ, ಎಲ್ಲವೂ ಹದ ತಪ್ಪುತ್ತದೆ. ಕೈಯಿಂದ ಬಿಗಿ ಮಾಡಿ. ಪಂಪ್ ಹಿಡಿ ತಾನೇ ಗಡಗಡ ಅಂದರೆ ಅದರ ನಟ್ ನೋಡಿ. ಆಕ್ಷನ್ ಬಾರ್ ಬಾಗಿದ್ದರೆ ಎಳೆತ ಒಂದು ಕಡೆಗೆ ಭಾರವಾಗುತ್ತದೆ, ರಿಸೀವರಿನೊಳಗೆ ಒಂದೇ ಬದಿ ಉಜ್ಜಿದ ಗುರುತು ಸಿಗುತ್ತದೆ.

ಖಾಲಿ ತೋಟೆ ಹೊರಹೋಗುವ ಮೊದಲೇ ಮ್ಯಾಗಜಿನ್ನಿನಿಂದ ಎರಡು ತೋಟೆ ನುಗ್ಗಿ ಬಂದು ಎಲ್ಲ ಜಾಮ್ ಆದರೆ ತಪ್ಪು ಎಕ್ಸ್‌ಟ್ರಾಕ್ಟರಿನದಲ್ಲ, ಶೆಲ್ ಸ್ಟಾಪಿನದು. ಕೆಲವು ಕೋವಿಗಳಲ್ಲಿ ಟ್ರಿಗರ್ ಭಾಗ ತೆಗೆದ ಕೂಡಲೇ ಶೆಲ್ ಸ್ಟಾಪ್‌ಗಳು ಕಳಚಿ ಬೀಳುತ್ತವೆ. ವಾಪಸ್ ಹಾಕುವಾಗ ಸರಿಯಾಗಿ ಕೂರದಿದ್ದರೆ ಶುಚಿ ಮಾಡಿದ ಮರುದಿನವೇ ಹೊಸ ತೊಂದರೆ ಶುರು. ಬಿಚ್ಚುವ ಮೊದಲು ಫೋಟೊ ತೆಗೆದಿಡಿ.

10. ಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ. ತೋಟೆ, ಸ್ಪ್ರಿಂಗ್, ಪಾಲಿಶ್ ಮೂರನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ. ಮತ್ತೆ ಕೆಟ್ಟಾಗ ಮೊದಲಿಂದ ಶುರುಮಾಡಬೇಕು.

ಡಮ್ಮಿಯಲ್ಲಿ ನಿಧಾನ, ಆಮೇಲೆ ಜೋರಾಗಿ. ಆಮೇಲೆ ಪರವಾನಗಿ ಇರುವ ಗುರಿ ಮೈದಾನದಲ್ಲಿ ಒಂದೇ ತೋಟೆ ತುಂಬಿ ಹೊಡೆಯಿರಿ. ಸರಿ ಬಂದರೆ ಎರಡು, ಆಮೇಲೆ ಪೂರ್ತಿ ಮ್ಯಾಗಜಿನ್. ಕೋವಿ ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದಾಗ ಅಂಟುವುದೂ ಉಂಟು. ಆದ್ದರಿಂದ ಎರಡು ಮೂರು ಈಡು ಹೊಡೆದು ತೃಪ್ತಿಪಟ್ಟುಕೊಳ್ಳಬೇಡಿ. ಒಂದು ಪೆಟ್ಟಿಗೆಯಾದರೂ ಮುಗಿಯಲಿ.

ಇಷ್ಟಕ್ಕೂ ಬಗ್ಗದಿದ್ದರೆ, ಚೇಂಬರಿನಲ್ಲಿ ಕುಳಿ ಇದ್ದರೆ, ರಿವೆಟ್ ಅಲ್ಲಾಡುತ್ತಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ. ಕೋವಿಯ ಜೊತೆ ನೀವು ಬರೆದಿಟ್ಟ ಖಾಲಿ ತೋಟೆಗಳನ್ನೂ ತೊಳೆಯದೆ, ಒರೆಸದೆ ಹಾಗೇ ಕೊಡಿ. ಯಾವ ತೋಟೆ, ಎಷ್ಟನೇ ಈಡು, ಪಂಪ್ ಎಲ್ಲಿ ನಿಂತಿತು, ಏನೇನು ಬದಲಿಸಿದಿರಿ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ಅದೇ ಪೆಟ್ಟಿಗೆಯ ಹೊಸ ತೋಟೆ ಕೂಡ ಬೇಕಾದೀತು. ಅದನ್ನು ಕೋವಿಯ ಜೊತೆ ಇಡದೆ ಬೇರೆ ಚೀಲದಲ್ಲಿ ಒಯ್ಯಿರಿ, ಬಾಗಿಲಲ್ಲೇ ಹೇಳಿ ಕೊಡಿ.